ನಲವತ್ತೊಂದು ಪುಟಗಳ ಷರಾ

ಜನವರಿ 8, ಸೋಮವಾರ

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ನನ್ನ ಚಪ್ಪಲಿ ಕಳಚಿ ಅಲ್ಲಿಯ ರಬ್ಬರ್ ಚಪ್ಪಲಿ ಹಾಕಿಕೊಳ್ಳುವಾಗ ನೋಡಿದೆ, ಎಡ ಹಿಮ್ಮಡಿಗೆ ನೀಲಿ ದಾರದ ಚೂರೊಂದು ಅಂಟಿಕೊಂಡಿತ್ತು. ದೊಡ್ಡಮ್ಮನ ಹೊಲಿಗೆ ಯಂತ್ರದ ಕೆಳಗಿನದು. ಎರಡು ರಸ್ತೆ, ಒಂದು ಬಸ್ಸು, ಮೂರು ಮಹಡಿ ದಾಟಿ ನನ್ನ ಜೊತೆ ಕೆಲಸಕ್ಕೆ ಬಂದಿತ್ತು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಂದಿನಿಂದ ಅಮ್ಮನ ಅಕ್ಕನ ಈ ಮನೆಯಲ್ಲಿ ದಾರ ತುಳಿದುಕೊಂಡೇ ಬೆಳೆದಿದ್ದೇನೆ. ಗುಡಿಸಿದಷ್ಟೂ ಹುಟ್ಟುವ ದಾರ. ಗೊಣಗಿದರೆ ದೊಡ್ಡಮ್ಮನ ಉತ್ತರ ಸಿದ್ಧ: "ದರ್ಜಿ ಮನೆ ನೆಲ ಚೊಕ್ಕಟ ಇದ್ರೆ ದರ್ಜಿ ಕೈಕಟ್ಟಿ ಕೂತಿದ್ದಾಳೆ ಅಂತ ಅರ್ಥ ಕಣೇ ಮಾತಿನಮಲ್ಲಿ."

ಮಾತಿನಮಲ್ಲಿ ಎಂದರೆ ನಾನು. ದಿನಕ್ಕೆ ಹತ್ತು ಮಾತಾಡುವವಳಿಗೆ ಅವಳಿಟ್ಟ ಹೆಸರು.

ಇವತ್ತು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕರೆದು ಹೊಸ ಕೆಲಸ ಕೊಟ್ಟರು. (ಒಳಗೆ ಹೋಗುವ ಮೊದಲು ಬಾಗಿಲ ಮುಂದೆ ನಿಂತು "ಕರೆದಿದ್ದಿರಂತೆ ಮೇಡಂ" ಎಂಬ ಎರಡು ಪದವನ್ನು ನಾಲ್ಕು ಸಲ ಜೋಡಿಸಿಕೊಂಡೆ.) ಒಂದು ಮರದ ತೊಗಟೆಯನ್ನು ಕುದಿಸಿ, ಸೋಸಿ, ಒಳಗಿನ ಅಂಶಗಳನ್ನು ಒಂದೊಂದಾಗಿ ಬೇರೆ ಮಾಡಿದ್ದಾರೆ. ಹದಿನೇಳನೆಯದು ಕೀಲುನೋವನ್ನು ಕಳೆಯುತ್ತದಂತೆ. ಅದಕ್ಕೆ ಹೆಸರಿಲ್ಲ, ಎಲ್ಲರೂ "ಹದಿನೇಳು" ಎನ್ನುತ್ತಾರೆ. ತೊಂಬತ್ತು ದಿನ ಇಲಿಗಳಿಗೆ ಕೊಟ್ಟು ನೋಡಿದ ಪುಸ್ತಕಗಳೆಲ್ಲ ನನ್ನ ಮೇಜಿನ ಮೇಲಿವೆ. ಅವನ್ನು ಓದಬಲ್ಲ ಭಾಷೆಗೆ ತಂದು ವರದಿ ಮಾಡಬೇಕು. ಮನುಷ್ಯರ ಮೇಲೆ ಪ್ರಯೋಗಿಸಲು ಒಪ್ಪಿಗೆ ಕೊಡುವ ಸಮಿತಿ ಓದುವುದು ಆ ವರದಿಯನ್ನೇ. "ವಿಜ್ಞಾನ ಓದಿದೋರಿಗೆ ವಾಕ್ಯ ಮುಗಿಸೋಕೆ ಬರಲ್ಲ, ಅದಕ್ಕೇ ನಿಮ್ಮನ್ನ ತಗೊಂಡಿದ್ದು," ಎಂದರು ಮೇಡಂ. ನನಗೆ ವಾಕ್ಯ ಶುರು ಮಾಡಲು ಬರುವುದಿಲ್ಲ ಎಂದು ಅವರಿಗಿನ್ನೂ ಗೊತ್ತಿಲ್ಲ.

ಜನವರಿ 17, ಬುಧವಾರ

ಪ್ರಾಣಿಮನೆಗೆ ಹೋಗಿದ್ದೆ. ಕೆಲವು ಷರಾಗಳ ಕೈಬರಹ ಅರ್ಥವಾಗಲಿಲ್ಲ, ಬರೆದವರನ್ನೇ ಕೇಳಬೇಕಾಯಿತು. ಇಪ್ಪತ್ತೆರಡು ವರ್ಷದಿಂದ ಪಂಜರಗಳನ್ನು ನೋಡಿಕೊಳ್ಳುವವರು. ಎಲ್ಲರೂ ಇಲಿಯಣ್ಣ ಎನ್ನುತ್ತಾರೆ, ಅವರಿಗೂ ಅದರಲ್ಲಿ ಬೇಸರವಿಲ್ಲ. ಮೂವತ್ತೆರಡು ಪಂಜರ, ಅವುಗಳಲ್ಲಿ ಈಗ ಮುಂದಿನ ಪ್ರಯೋಗದ ಇಲಿಗಳು, ಒಂದೇ ಅಳತೆಯ ನೀರಿನ ಸೀಸೆಗಳು, ಒದ್ದೆ ಮರದ ಹೊಟ್ಟಿನ ವಾಸನೆ. ನಾನು ಮೂಗಿನ ಹತ್ತಿರ ಕೈ ಒಯ್ದೆ.

"ಮೂಗು ಮುಚ್ಕೋಬೇಡಿಮ್ಮ, ಅವಕ್ಕೆ ಬೇಜಾರಾಗುತ್ತೆ."

ತಮಾಷೆಯೋ ನಿಜವೋ ತಿಳಿಯದೆ ಕೈ ಇಳಿಸಿದೆ.

ಅವರದೊಂದು ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ, ಪ್ರಯೋಗದ ನಿಯಮದಲ್ಲೂ ಇಲ್ಲ. ಸಂಜೆ ಮನೆಗೆ ಹೊರಡುವಾಗ ಪ್ರತಿ ಪಂಜರಕ್ಕೆ ಒಂದೊಂದು ಕಾಗದದ ಪಟ್ಟಿ ಹಾಕುತ್ತಾರೆ. ಬೆಳಿಗ್ಗೆ ಬಂದು ನೋಡುತ್ತಾರೆ. ಇಲಿ ಅದನ್ನು ಚಿಂದಿ ಮಾಡಿ ಮೂಲೆಯಲ್ಲಿ ಗೂಡು ಕಟ್ಟಿದ್ದರೆ "ಕಟ್ಟಿದೆ" ಎಂದು ಬರೆಯುತ್ತಾರೆ.

"ಕಟ್ಟಲಿಲ್ಲ ಅಂದ್ರೆ?" ಎಂದೆ. ಇವತ್ತಿನ ಹತ್ತು ಮಾತುಗಳಲ್ಲಿ ಎರಡು.

"ಅದಕ್ಕೆ ನಾಳೆ ಬೇಕಾಗಿಲ್ಲ ಅಂತ."

ಯಾವ ಪಂಜರಕ್ಕೆ ಔಷಧ, ಯಾವುದಕ್ಕೆ ಬರೀ ನೀರು ಎಂದು ಅವರಿಗೂ ಹೇಳುವುದಿಲ್ಲವಂತೆ. ಸೀಸೆಗಳ ಮೇಲೆ ಬರೀ ಸಂಖ್ಯೆ.

ಒಂದು ಷರಾವನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ, ಚೆನ್ನಾಗಿದೆ ಎಂಬ ಕಾರಣಕ್ಕೆ:

"ಹನ್ನೆರಡನೇ ಪಂಜರ. ಕಾಗದ ಇಟ್ಟ ಹಾಗೇ ಇದೆ. ತಿನ್ನುತ್ತಿದೆ, ಕುಡಿಯುತ್ತಿದೆ. ಬೆಳಿಗ್ಗೆ ಬಾಲ ಬಾಗಿಲ ಸಂದಿಗೆ ಸಿಕ್ಕಿಕೊಂಡಿತ್ತು. ನಿನ್ನೆ ನಾನು ಮುಚ್ಚಿದಾಗಲೇ ಸಿಕ್ಕಿರಬೇಕು. ಎಳೆದುಕೊಂಡಿಲ್ಲ. ಕೂಗಿಲ್ಲ. ನನ್ನನ್ನೇ ನೋಡುತ್ತಿತ್ತು. ತಪ್ಪು ನನ್ನದು."

ವರದಿಗೆ ಒಗ್ಗುವುದಿಲ್ಲ. ಆದರೆ ಒಂದು ಸಣ್ಣ ಕವಿತೆಯ ಹಾಗಿದೆ.

ಫೆಬ್ರವರಿ 2, ಶುಕ್ರವಾರ

ಮೊನ್ನೆ ಮೇಡಂ ನಕ್ಕುಬಿಟ್ಟರು. "ನಲವತ್ತೊಂದು ಪುಟ ಷರಾ! ಇದೇನು ಇಲಿಗಳ ಜೀವನಚರಿತ್ರೆಯಾ? ತೂಕ ಸರಿ ಇದೆ, ರಕ್ತ ಸರಿ ಇದೆ, ಯಕೃತ್ತು ಸರಿ ಇದೆ. ಇದನ್ನ ಎರಡು ಸಾಲಿಗೆ ಇಳಿಸಿ."

ಎರಡು ದಿನ ಕೂತು ಇಳಿಸಿದೆ. ಕಾಗದದ ವಿಷಯ ನಿಯಮದಲ್ಲಿಲ್ಲ, ತೆಗೆದೆ. ಬಾಲದ ವಿಷಯ ಪಂಜರದ ದುರಸ್ತಿಗೆ ಸೇರಿದ್ದು, ತೆಗೆದೆ. "ಮೂಲೆ ಹಿಡಿದಿದೆ", "ಕರೆದರೆ ಬರುವುದಿಲ್ಲ", "ಮಂಕು ಬಡಿದಂತಿದೆ" ಎಂಬ ಮಾತೆಲ್ಲ ಹದಿನೈದು ಥರದಲ್ಲಿ ಬಂದಿತ್ತು. ಎಲ್ಲವನ್ನೂ ಒಂದು ಮಾಡಿದೆ. ಉಳಿದದ್ದು: "ಪ್ರಯೋಗದ ಅವಧಿಯಲ್ಲಿ ಪ್ರಾಣಿಗಳು ಶಾಂತವಾಗಿದ್ದವು. ಆಹಾರ ಮತ್ತು ನೀರಿನ ಸೇವನೆ ಸಹಜವಾಗಿತ್ತು."

ಇವತ್ತು ಮೇಡಂ ಓದಿ, "ಸಾಹಿತ್ಯದೋರನ್ನ ತಗೊಂಡಿದ್ದು ಸಾರ್ಥಕ" ಎಂದರು. ಬಸ್ಸಿನಲ್ಲಿ ಇಡೀ ದಾರಿ ಆ ಮಾತನ್ನು ಮೆಲುಕು ಹಾಕಿದೆ. ಇಳಿಯುವ ನಿಲ್ದಾಣ ದಾಟಿಹೋಯಿತು. ನಿಲ್ಲಿಸಿ ಎನ್ನಲು ಬಾಯಿ ಬರದೆ ಮುಂದಿನದರಲ್ಲಿ ಇಳಿದು ನಡೆದು ಬಂದೆ.

ಜೂನ್ 14, ಶುಕ್ರವಾರ

ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿದೆ. ಮೊದಲ ತಂಡದಲ್ಲಿ ಇಪ್ಪತ್ತು ಜನ.

ಮನೆಗೆ ಬಂದರೆ ದೊಡ್ಡಮ್ಮನ ಮುಂದೆ ಆ ಪ್ರಯೋಗದ್ದೇ ಅರ್ಜಿ! ಆಸ್ಪತ್ರೆಯ ಗೋಡೆಯ ಮೇಲೆ ಪ್ರಕಟಣೆ ನೋಡಿ ತಂದಿದ್ದಾಳೆ. ಅವಳ ಬೆರಳುಗಳ ಗಿಣ್ಣುಗಳು ಮೂರು ವರ್ಷದಿಂದ ಊದಿಕೊಂಡಿವೆ. ಬೆಳಿಗ್ಗೆ ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟರೇನೇ ಕತ್ತರಿಯೊಳಗೆ ಹೋಗುವುದು. ಆಮೇಲೆ ಕತ್ತರಿಗೂ ಬೈಗುಳ, ಬಟ್ಟೆಗೂ ಬೈಗುಳ, ಶಾಲೆಯ ಸಮವಸ್ತ್ರಕ್ಕೆ ಇಷ್ಟು ಗುಂಡಿ ಇಟ್ಟವನ ವಂಶಕ್ಕೂ ಬೈಗುಳ.

ಅರ್ಜಿ ನಾನೇ ತುಂಬಿದೆ, ಅವಳಿಗೆ ಪೆನ್ನು ಹಿಡಿಯಲಾಗುವುದಿಲ್ಲ. ಒಂದು ಪ್ರಶ್ನೆಗೆ ನಿಂತೆ. "ನಿಮ್ಮ ಸಂಬಂಧಿಕರು ಯಾರಾದರೂ ಈ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾರೆಯೇ?"

"ಇಲ್ಲ ಅಂತ ಬರಿ."

"ನಾನಿದ್ದೀನಲ್ಲ ದೊಡ್ಡಮ್ಮ. ಸಂಬಂಧಿಕರಿದ್ರೆ ತಗೊಳ್ಳಲ್ಲ."

"ನೀನಿರೋದು ಅಲ್ಲಿ ಯಾರಿಗಾದ್ರೂ ಗೊತ್ತಾ? ವರ್ಷವಾಗ್ತಾ ಬಂತು, ಒಂದಿನ ಬಾಯಿ ಬಿಟ್ಟಿದ್ದೀಯಾ? ಸುಮ್ನೆ ಗೋಡೆಗೆ ಆನ್ಕೊಂಡಿರೋ ಬೀರು ನೀನು. ಬೀರು ಯಾರಿಗೂ ನೆಂಟರಲ್ಲ. ಬರಿ, ಇಲ್ಲ."

ನಗು ತಡೆಯಲಾಗಲಿಲ್ಲ. ಬರೆದೆ. ಇಲ್ಲ.

ಜುಲೈ 8, ಸೋಮವಾರ

ನನಗೆ ನಂಬಲಾಗುತ್ತಿಲ್ಲ. ಗುಳಿಗೆ ಶುರುವಾಗಿ ಎರಡೇ ವಾರ. ಇವತ್ತು ಬೆಳಿಗ್ಗೆ ದೊಡ್ಡಮ್ಮ ಬಿಸಿನೀರಿಲ್ಲದೆ, ಒಂದು ಕೈಯಲ್ಲಿ, ಉಪ್ಪಿನಡಬ್ಬಿಯ ಬಿಗಿ ಮುಚ್ಚಳ ತೆಗೆದಳು. ತೆಗೆದು ತಾನೇ ಬೆಚ್ಚಿದಳು. ಮುಚ್ಚಿ ಮತ್ತೆ ತೆಗೆದಳು. ಮೂರನೇ ಸಲ ನನ್ನ ಕೈಗೆ ಕೊಟ್ಟು, "ನಿನ್ನ ಕೈಲಾಗುತ್ತಾ ನೋಡು," ಎಂದಳು. ನನಗೆ ಆಗಲಿಲ್ಲ. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು.

"ಇಪ್ಪತ್ತರಲ್ಲಿ ಹತ್ತು ಜನಕ್ಕೆ ಬರೀ ಸಕ್ಕರೆ ಗುಳಿಗೆ ಅಂತೆ, ನನಗೆ ಬಿದ್ದಿರೋದು ನಿಜವಾದ್ದೇ ಕಣೇ. ಹಣೆಬರಹ ಬರೆಯೋನು ನನ್ನ ಲೆಕ್ಕದಲ್ಲಿ ಒಂದಾದ್ರೂ ಸರಿಯಾಗಿ ಬರೆದ."

ಜುಲೈ 29, ಸೋಮವಾರ

ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹಿಮ್ಮಡಿ ನೋಡಿಕೊಂಡೆ, ಅಭ್ಯಾಸ. ದಾರವಿರಲಿಲ್ಲ. ಮನೆ ಈಚೆಗೆ ಎಷ್ಟು ಅಚ್ಚುಕಟ್ಟಾಗಿದೆ! ದೊಡ್ಡಮ್ಮನೂ ಶಾಂತವಾಗಿದ್ದಾಳೆ. ಬೈಗುಳವಿಲ್ಲ, ನನ್ನ ಅಣಕವಿಲ್ಲ. ಊಟ ಬಡಿಸಿದರೆ ಉಣ್ಣುತ್ತಾಳೆ, ಕಿಟಕಿಯ ಪಕ್ಕ ಕೂರುತ್ತಾಳೆ. ನೋವಿದ್ದಾಗ ಮನುಷ್ಯ ಎಷ್ಟು ಕೂಗಾಡುತ್ತಾನೆ, ಹೋದಮೇಲೆ ಎಂಥ ನೆಮ್ಮದಿ! ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಕೂತು ಪುಸ್ತಕವೊಂದನ್ನು ಒಂದೇ ಪಟ್ಟಿಗೆ ಓದಿ ಮುಗಿಸಿದೆ.

ಆಗಸ್ಟ್ 5, ಸೋಮವಾರ

ಕೆಲಸ ಖಾಯಂ ಆಯಿತು. ಮೇಡಂ ಕೈಕುಲುಕಿದರು. ಓಡೋಡಿ ಮನೆಗೆ ಬಂದು ಹೇಳಿದೆ.

"ಹೂಂ," ಎಂದಳು ದೊಡ್ಡಮ್ಮ.

ಏನೋ ಯೋಚನೆಯಲ್ಲಿದ್ದಳು ಅನ್ನಿಸುತ್ತದೆ.

ಆಗಸ್ಟ್ 14, ಬುಧವಾರ

ಈಗಲೇ ಬರೆಯಬೇಕು. ಕ್ರಮ ತಪ್ಪಬಾರದು.

ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟೆ. ಹೊರಡುವಾಗ ಹೇಳಿದೆ, "ಶಾಲೆಯವರು ಎರಡು ಸಲ ಬಂದು ಹೋದ್ರು ದೊಡ್ಡಮ್ಮ, ಆ ಕಾಲರುಗಳನ್ನಾದ್ರೂ ಮುಗಿಸಿಕೊಡು." ಹೂಂ ಎಂದು ಎದ್ದು ಯಂತ್ರದ ಮುಂದೆ ಕೂತಳು.

ಸಂಜೆ ಐದೂಮುಕ್ಕಾಲಿಗೆ ಬಂದೆ. ಅಲ್ಲೇ ಕೂತಿದ್ದಳು. ಬೆನ್ನು ನನ್ನ ಕಡೆಗೆ. ಯಂತ್ರದ ಸದ್ದಿಲ್ಲ. "ಮುಗೀತಾ?" ಎಂದೆ. "ಇಲ್ಲ" ಎಂದಳು.

ಹತ್ತಿರ ಹೋದೆ. ಸೂಜಿ ಅವಳ ಎಡಗೈ ತೋರುಬೆರಳ ಉಗುರಿನ ಮೂಲಕ ಇಳಿದು ಬಟ್ಟೆಯೊಳಗೆ ಹೋಗಿತ್ತು. ಬೆರಳು ಅಲ್ಲೇ ಇತ್ತು. ಬಿಳಿ ಕಾಲರಿನ ಮೇಲಿನ ರಕ್ತ ಕಂದಾಗಿ ಒಣಗಿ ಅಂಚು ಮುರುಟಿತ್ತು.

ನಾನು ಕಿರುಚಿದೆನಂತೆ. ಪಕ್ಕದ ಮನೆಯಾಕೆ ಓಡಿಬಂದಳು. ನನಗೆ ಕೇಳಿದ ನೆನಪಿಲ್ಲ.

"ಯಾವಾಗಾಯ್ತು?"

"ನೀನು ಹೋದ್ಮೇಲೆ."

"ಬೆಳಿಗ್ಗೆಯಿಂದಾನಾ? ನೋವಾಗ್ಲಿಲ್ವಾ ದೊಡ್ಡಮ್ಮ?"

"ಆಯ್ತು ಅನ್ಸುತ್ತೆ."

"ಕೂಗಬಾರದಿತ್ತಾ?"

"ಕೂಗಬಹುದಿತ್ತು." ಯಾರದೋ ವಿಷಯ ಹೇಳುವ ಹಾಗೆ, "ಬೇಕು ಅನ್ನಿಸ್ಲಿಲ್ಲ."

ಯಂತ್ರದ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಸೂಜಿ ಮೇಲೆ ಬರುತ್ತದೆ. ಅವಳ ಬಲಗೈ ಬಿಡುವಾಗಿತ್ತು. ಮಡಿಲಲ್ಲಿ ಅಂಗಾತ ಮಲಗಿತ್ತು. ಒಂಬತ್ತು ಗಂಟೆ.

ಚಕ್ರ ತಿರುಗಿಸಿದವಳು ನಾನು. ಸೂಜಿ ಹೊರಬರುವಾಗ ನಾನು ಕಣ್ಣು ಮುಚ್ಚಿದೆ. ಅವಳು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆಗಸ್ಟ್ 16, ಶುಕ್ರವಾರ

ಪ್ರಯೋಗದ ವೈದ್ಯರ ಹತ್ತಿರ ಕರೆದೊಯ್ದಿದ್ದೆ. ಬೆರಳ ಕಟ್ಟು ಬಿಚ್ಚಿ ನೋಡಿದರು. ಮೂಳೆಗೆ ಏನೂ ಆಗಿಲ್ಲ.

"ಹೊಲಿಯೋರಿಗೆ ಇದೆಲ್ಲ ಮಾಮೂಲು ಅಲ್ವೇನಮ್ಮ?" ಎಂದರು ನಗುತ್ತ.

"ಹೂಂ," ಎಂದಳು ದೊಡ್ಡಮ್ಮ. ನಲವತ್ತು ವರ್ಷದಲ್ಲಿ ಒಂದು ಸಲವೂ ಬೆರಳಿಗೆ ಸೂಜಿ ಹಾಕಿಕೊಳ್ಳದವಳು. ಹಾಕಿಕೊಂಡ ಬೇರೆ ದರ್ಜಿಗಳನ್ನು ವರ್ಷಗಟ್ಟಲೆ ಆಡಿಕೊಂಡು ನಕ್ಕವಳು.

"ಒಂಬತ್ತು ಗಂಟೆ ಹಾಗೇ ಕೂತಿದ್ರು ಡಾಕ್ಟ್ರೇ," ಎಂದೆ. "ಗುಳಿಗೆಯಿಂದ..."

"ನೀವು ಇವರಿಗೆ ಏನಾಗ್ಬೇಕು?"

ಅರ್ಜಿಯ ಆ ಸಾಲು ಕಣ್ಣ ಮುಂದೆ ಬಂತು. ಬಾಯಿಗೆ ಸಿಕ್ಕಿದ್ದು ಹೇಳಿದೆ. "ಪಕ್ಕದ ಮನೆ."

ದೊಡ್ಡಮ್ಮ ಹತ್ತಿರದಲ್ಲೇ ಕೂತಿದ್ದಳು. ಕೇಳಿಸಿಕೊಂಡಳು. ಮೊದಲಿನವಳಾಗಿದ್ದರೆ ಆ ಕುರ್ಚಿಯಲ್ಲೇ ಬಿದ್ದು ಬಿದ್ದು ನಗುತ್ತಿದ್ದಳು, ಅಥವಾ ನನ್ನ ಕಿವಿ ಹಿಂಡುತ್ತಿದ್ದಳು. ಕಣ್ಣು ಕೂಡ ಮಿಟುಕಲಿಲ್ಲ.

ವೈದ್ಯರು ಬರೆದರು. ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿದೆ. ಬೇರೆಯವರ ಕೈಬರಹ ಓದುವುದು ನನ್ನ ಕೆಲಸವೇ ಅಲ್ಲವೇ. "ಮನೆಯಲ್ಲಿ ಅಪಘಾತ. ಔಷಧಕ್ಕೆ ಸಂಬಂಧವಿಲ್ಲ. ರೋಗಿ ಶಾಂತವಾಗಿದ್ದಾರೆ."

ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿದೆ. ಅದು ನನ್ನ ಮಾತು.

ಗುಳಿಗೆ ಮೊನ್ನೆಯಿಂದಲೇ ನಿಲ್ಲಿಸಿದ್ದೇನೆ. ಡಬ್ಬಿ ನನ್ನ ಚೀಲದಲ್ಲಿದೆ.

ಆಗಸ್ಟ್ 17, ಶನಿವಾರ

ಈ ದಿನಚರಿಯನ್ನೇ ಹಿಂದಕ್ಕೆ ತಿರುವಿದೆ. ಜನವರಿ ಹದಿನೇಳು.

ಎಳೆದುಕೊಂಡಿಲ್ಲ. ಕೂಗಿಲ್ಲ. ನನ್ನನ್ನೇ ನೋಡುತ್ತಿತ್ತು.

ನಾನು ಅದರ ಕೆಳಗೆ "ಕವಿತೆಯ ಹಾಗಿದೆ" ಎಂದು ಬರೆದಿದ್ದೇನೆ.

ಆಗಸ್ಟ್ 19, ಸೋಮವಾರ

ಇಲಿಯಣ್ಣನ ಷರಾ ಪುಸ್ತಕ ನನ್ನ ಬೀರುವಿನಲ್ಲೇ ಇತ್ತು, ಕೆಳಗಿನ ಅರೆಯಲ್ಲಿ. ಯಾವ ಪಂಜರಕ್ಕೆ ಔಷಧ, ಯಾವುದಕ್ಕೆ ನೀರು ಎಂಬ ಪಟ್ಟಿ ವರದಿಯ ಕೊನೆಯಲ್ಲಿದೆ. ಅದನ್ನೂ ಟೈಪು ಮಾಡಿದವಳು ನಾನೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವತ್ತು ಯಾರಿಗೂ ಹೊಳೆಯಲಿಲ್ಲ. ಯಾಕೆಂದರೆ ಪಟ್ಟಿ ಬರುವ ಹೊತ್ತಿಗೆ ನಲವತ್ತೊಂದು ಪುಟ ಎರಡು ಸಾಲಾಗಿತ್ತು.

ಇವತ್ತು ಇಟ್ಟೆ. ನೀರು ಕುಡಿದ ಹದಿನಾರು ಪಂಜರಗಳಲ್ಲಿ ಹದಿನೈದು ಕೊನೆಯ ದಿನದವರೆಗೂ ಗೂಡು ಕಟ್ಟಿವೆ. ಹದಿನೇಳನ್ನು ಕುಡಿದ ಹದಿನಾರರಲ್ಲಿ ಹದಿನಾಲ್ಕು ಐದನೇ ವಾರದ ಹೊತ್ತಿಗೆ ನಿಲ್ಲಿಸಿಬಿಟ್ಟಿವೆ.

ಪುಸ್ತಕ ಎದೆಗವಚಿಕೊಂಡು ಪ್ರಾಣಿಮನೆಗೆ ಹೋದೆ. ಇಲಿಯಣ್ಣ ಸೀಸೆ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ನನ್ನ ಪಟ್ಟಿ ನೋಡಿದರು.

"ನೀರು ಕುಡಿದದ್ರಲ್ಲಿ ಒಂದು ಯಾಕೆ ಕಟ್ಟಿಲ್ಲ?" ಎಂದೆ.

"ಇಪ್ಪತ್ತಾರು ತಾನೆ? ಅದರ ಹಲ್ಲು ಮುರಿದಿತ್ತಮ್ಮ. ಕಾಗದ ಹರಿಯೋಕಾಗ್ತಿರ್ಲಿಲ್ಲ. ಆದ್ರೂ ಪಾಪ, ಇಡೀ ಪಟ್ಟಿನ ಬಾಯಲ್ಲಿ ಕಚ್ಕೊಂಡು ಮೂಲೆಯಿಂದ ಮೂಲೆಗೆ ತಿರುಗೋದು. ಬರೆದಿದ್ದೆನಲ್ಲ."

ಬರೆದಿದ್ದರು. ಮೂವತ್ತಮೂರನೇ ಪುಟ.

"ವರದೀಲಿ ಇದೆಲ್ಲ ಹೋಯ್ತು ಅಂದ್ಕೊಂಡಿದ್ದೆ," ಎಂದರು.

"ನಾನು ತೆಗೆದೆ ಅಣ್ಣ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೊಳೆದ ಸೀಸೆಯನ್ನೇ ಮತ್ತೆ ತೊಳೆದರು.

"ಔಷಧ ನಿಲ್ಲಿಸಿದ ಮೇಲೆ," ಎಂದೆ, "ಅವು ಮತ್ತೆ ಕಟ್ಟಿದವಾ? ಎಷ್ಟು ದಿನಕ್ಕೆ?"

ಇಲಿಯಣ್ಣ ನನ್ನ ಮುಖ ನೋಡಿದರು. ಇದು ಇಲಿಗಳ ವಿಷಯವಲ್ಲ ಎಂದು ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ.

"ನಿಲ್ಲಿಸಿದ ದಿನಾನೇ ಕೊಯ್ದು ನೋಡಿದ್ರಲ್ಲಮ್ಮ. ಯಕೃತ್ತು ನೋಡ್ಬೇಕಿತ್ತಲ್ಲ. ನಿಲ್ಲಿಸಿದ ಮೇಲೆ ಏನಾಗುತ್ತೆ ಅಂತ ನೋಡಿದೋರು ಯಾರೂ ಇಲ್ಲ."

ಯಾರೂ ಇಲ್ಲ. ಬಸ್ಸಿನಲ್ಲಿ ಇದನ್ನೇ ಹೇಳಿಕೊಳ್ಳುತ್ತ ಬಂದೆ. ಚಾಲಕ ನನ್ನ ನಿಲ್ದಾಣ ದಾಟಿಸಿಕೊಂಡು ಹೋಗುತ್ತಿದ್ದ, ನಿಲ್ಲಿಸಿ ಎಂದು ಕೂಗಿ ಇಳಿದೆ.

ಆಗಸ್ಟ್ 21, ಬುಧವಾರ

ಮೇಡಂ ಕೋಣೆಗೆ ಹೋದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಪುಸ್ತಕ, ಪಟ್ಟಿ ಎರಡನ್ನೂ ಅವರ ಮುಂದಿಟ್ಟು ಹೇಳಿದೆ. ಬೆರಳಿನ ವಿಷಯವನ್ನೂ ಹೇಳಿದೆ. ಒಂಬತ್ತು ಗಂಟೆ ಎಂದೆ. ಬಲಗೈ ಬಿಡುವಾಗಿತ್ತು ಎಂದೆ.

ಅವರು ಕನ್ನಡಕ ತೆಗೆದರು. ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಸಂಖ್ಯೆ ಓದಿದರು. ಮುಖದ ಬಣ್ಣ ಇಳಿಯುವುದು ಎಂದು ಪುಸ್ತಕಗಳಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಇವತ್ತು. ತುಟಿ ಕೂಡ ಬೆಳ್ಳಗಾಯಿತು.

"ಆ ವಾಕ್ಯ ನಿಮ್ಮದು," ಎಂದರು. "ಸಹಿ ನನ್ನದು."

"ಹೌದು ಮೇಡಂ."

"ಹತ್ತು ವರ್ಷ. ಈ ತೊಗಟೆಗೆ ನನ್ನ ಹತ್ತು ವರ್ಷ." ಎದ್ದು ಕಿಟಕಿಯವರೆಗೆ ಹೋಗಿ ಬಂದು ಕೂತರು. ಕೂತಾಗ ದನಿ ಬದಲಾಗಿತ್ತು. "ನೋಡಿ, ಕಾಗದ ಹಾಕೋದು ನಿಯಮದಲ್ಲಿ ಇರ್ಲಿಲ್ಲ. ಅಳತೆ ಇಲ್ಲ, ಲೆಕ್ಕ ಇಲ್ಲ. ಒಬ್ಬ ಹೆಂಗಸಿನ ಬೆರಳು ಅಂದ್ರೆ ಅದು ಪುರಾವೆ ಆಗಲ್ಲ. ಆಕೆಗೆ ಸಿಕ್ಕಿದ್ದು ಸಕ್ಕರೆ ಗುಳಿಗೆಯೇ ಇರಬಹುದು. ಅಷ್ಟಕ್ಕೂ ಆಕೆ ಮನೇಲಿ ನಡೆದದ್ದು ನಿಮಗೆ ಹೇಗೆ ಗೊತ್ತು?"

"ಗೊತ್ತಿರೋರು."

"ಗೊತ್ತಿರೋರು ಅಂದ್ರೆ ಸಾಕ್ಷಿ ಅಲ್ಲ."

ನನ್ನ ನಾಲಗೆ ಮತ್ತೆ ಬೀರುವಾಯಿತು.

"ಸೋಮವಾರ ಸಮಿತಿ ಸಭೆ ಇದೆ," ಎಂದರು. "ಮಂಗಳವಾರದಿಂದ ಎರಡನೇ ತಂಡ, ಅರವತ್ತು ಜನ. ನೀವು ಹೇಳಿದ್ದನ್ನ ನಾನು ಬಚ್ಚಿಡಲ್ಲ, ಸಭೇಲಿ ಇಡ್ತೀನಿ. ನೀವೇ ಬರೆದುಕೊಡಿ." ಕನ್ನಡಕ ಹಾಕಿಕೊಂಡರು. "ಚಿಕ್ಕದಾಗಿ. ಎರಡು ಸಾಲು ಸಾಕು."

ಅವರು ಕೆಟ್ಟವರಲ್ಲ. ಹೊರಡುವಾಗ ನೋಡಿದೆ, ಕೈಲಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಮತ್ತೆ ತಪ್ಪು ತುದಿಗೆ ಹಾಕಲು ನೋಡುತ್ತಿದ್ದರು.

ಆಗಸ್ಟ್ 23, ಶುಕ್ರವಾರ

ಎರಡು ಸಾಲು ಬರೆದೆ. "ಕೆಲವು ಪ್ರಾಣಿಗಳಲ್ಲಿ ಚಟುವಟಿಕೆ ಕುಗ್ಗಿದ್ದು ಕಂಡುಬಂದಿರುತ್ತದೆ. ಈ ಬಗ್ಗೆ ಹೆಚ್ಚಿನ ಅಧ್ಯಯನ ಅಪೇಕ್ಷಣೀಯ."

ಒಂದು ತಪ್ಪಿಲ್ಲ. ಓದಿದವರು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನಾನೇ ಹೋಗುತ್ತಿದ್ದೆ.

ಆಗಸ್ಟ್ 25, ಭಾನುವಾರ

ಗುಳಿಗೆ ನಿಲ್ಲಿಸಿ ಹನ್ನೊಂದು ದಿನ. ಗಿಣ್ಣುಗಳು ಮತ್ತೆ ಊದಿಕೊಳ್ಳುತ್ತಿವೆ. ನೋವು ಬರುವುದು ಎಷ್ಟು ಬೇಗ. ಉಳಿದದ್ದು ಬರುತ್ತದೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ.

ಮಂಗಳವಾರದಿಂದ ನಾನೂ ಇಲಿಯಣ್ಣನ ಪದ್ಧತಿ ಹಿಡಿದಿದ್ದೇನೆ. ಸಂಜೆ ಯಂತ್ರದ ಮೇಲೆ ಒಂದು ನೀಲಿ ಬಟ್ಟೆಯ ತುಂಡು, ಪಕ್ಕದಲ್ಲಿ ಕತ್ತರಿ. ಬೆಳಿಗ್ಗೆ ಎದ್ದು ನೋಡುತ್ತೇನೆ. ಬುಧವಾರ: ಇಟ್ಟ ಹಾಗೇ ಇದೆ. ಗುರುವಾರ: ಇಟ್ಟ ಹಾಗೇ ಇದೆ. ಶುಕ್ರವಾರ, ಶನಿವಾರ: ಇಟ್ಟ ಹಾಗೇ ಇದೆ. ಇವತ್ತು: ಇಟ್ಟ ಹಾಗೇ ಇದೆ. ಊಟ ಮಾಡುತ್ತಿದ್ದಾಳೆ, ನೀರು ಕುಡಿಯುತ್ತಿದ್ದಾಳೆ. ಕರೆದರೆ ತಿರುಗುತ್ತಾಳೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಮುಖಕ್ಕೆ ಹೊಡೆದರೂ ಕುರ್ಚಿ ಸರಿಸಿಕೊಳ್ಳುವುದಿಲ್ಲ, ನಾನೇ ಸರಿಸಬೇಕು. ಹಾಗೆ ಬಿಸಿಲಲ್ಲಿ ಕೂರುವವರು ಇನ್ನೂ ಒಂಬತ್ತು ಮನೆಗಳಲ್ಲಿ ಇರಬಹುದು. ಅವರ ಮನೆಯವರು, ಎಂಥ ನೆಮ್ಮದಿ ಎಂದುಕೊಂಡು ಪುಸ್ತಕ ಓದುತ್ತಿರಬಹುದು.

ಮಧ್ಯಾಹ್ನ ಅವಳ ಎದುರೇ ಕೂತು ಷರಾ ಪುಸ್ತಕದ ಪುಟಗಳನ್ನು ಇದ್ದದ್ದು ಇದ್ದಂತೆ ಇಳಿಸುತ್ತಿದ್ದೆ. ಮೂರನೇ ದಿನದ ಕೆಲಸ. ಇಲಿಯಣ್ಣನ ಕಾಗುಣಿತವನ್ನೂ ತಿದ್ದಿಲ್ಲ. ಹನ್ನೆರಡನೇ ಪಂಜರದ ಪುಟದಲ್ಲಿ ಕೊನೆಗಿದ್ದ "ತಪ್ಪು ನನ್ನದು" ಎಂಬುದನ್ನು ಬರೆಯುವಾಗ ಕೈ ನಿಂತಿತು.

"ಅದೇನು ಬರೀತಿದ್ದೀಯ?" ಎಂದಳು ದೊಡ್ಡಮ್ಮ.

ತಲೆ ಎತ್ತಿದೆ. ಎಷ್ಟು ವಾರದ ಮೇಲೆ ಅವಳಾಗಿ ಕೇಳಿದ ಮಾತು! "ನಾಳೆ ಓದೋದಕ್ಕೆ ದೊಡ್ಡಮ್ಮ," ಎಂದೆ. ಅಷ್ಟರಲ್ಲಿ ಅವಳು ಕಿಟಕಿಯ ಕಡೆ ತಿರುಗಿಬಿಟ್ಟಿದ್ದಳು. ಉತ್ತರ ಬೇಕಿತ್ತೋ, ಸುಮ್ಮನೆ ಬಾಯಿಗೆ ಬಂದ ಮಾತೋ ತಿಳಿಯದು. ಇದನ್ನೂ ಬರೆದಿಡುತ್ತೇನೆ. ಹನ್ನೊಂದನೇ ದಿನ, ಮಧ್ಯಾಹ್ನ ಎರಡು ಗಂಟೆ: ಒಂದು ಪ್ರಶ್ನೆ ಕೇಳಿದಳು.

ಮೊನ್ನೆಯ ಎರಡು ಸಾಲಿನ ಕಾಗದವನ್ನು ನಾಲ್ಕಾಗಿ ಹರಿದೆ. ನಾಳೆ ಹತ್ತು ಗಂಟೆಗೆ ಸಭೆ. ಬರೆದು ಕೊಟ್ಟು ಬರುವುದಿಲ್ಲ. ನಿಂತು ಓದುತ್ತೇನೆ. ನಲವತ್ತೊಂದು ಪುಟ, ನಂತರ ಈ ಹನ್ನೊಂದು ದಿನ. ಅದಕ್ಕೂ ಮೊದಲು ಅರ್ಜಿಯ ಆ ಪ್ರಶ್ನೆಯ ಉತ್ತರ ತಿದ್ದಬೇಕು. ಇಲ್ಲ ಎಂದು ಬರೆದವಳು ನಾನು, ಅವಳ ತಂಗಿಯ ಮಗಳು, ಇಲ್ಲೇ ಇದ್ದೇನೆ ಎಂದು ಹೇಳುತ್ತೇನೆ. ಆಮೇಲೆ ಮೊದಲನೇ ಪುಟ, ಮೊದಲನೇ ಪಂಜರ.